ಹನ್ನೊಂದನೇ ಹಾಡಿನ ದನಿ

“ನನ್ನ ದನಿ ಊರಿಗೆಲ್ಲ ಕೇಳಿಸ್ರಿ ಅಂತ ನಿಮಗ ಯಾರು ಹೇಳಿದ್ರು?”

ಸಿಂಧನೂರಿನ ಆ ಚಿಕ್ಕ ರೆಕಾರ್ಡಿಂಗ್ ಸ್ಟುಡಿಯೋದ ಬಾಗಿಲು ದೂಡಿ ಶಾಹೀಸ್ತಾ ಕೂಗಿಯೇ ಬಿಟ್ಟಳು.

ನಿಯಾಜ್ ಗಾಬರಿಯಿಂದ ಎದ್ದು ನಿಂತ. ಆರು ವರ್ಷ... ಆರು ವರ್ಷಗಳ ಮೇಲೆ ಅವಳು ಎದುರಿಗಿದ್ದಳು!

ಮೊಹರಂ ಪದಗಳನ್ನು ಹಾಡಿ ಹೆಸರಾದ ಮಸ್ಕಿಯ ದಾದೇಸಾಬ ಶಾಹೀಸ್ತಾಳ ತಂದೆ. ಅವರು ತೀರಿಕೊಂಡು ವರ್ಷವಾಗಿತ್ತು. ಮನೆಯಲ್ಲಿದ್ದ ಅವರ ಹಳೆಯ ಕ್ಯಾಸೆಟ್‌ಗಳನ್ನು ಅವಳ ತಾಯಿಯಿಂದ ಪಡೆದು, ತಾನು ರೆಕಾರ್ಡ್ ಮಾಡಿದ್ದ ಹಾಡುಗಳ ಜೊತೆ ಸೇರಿಸಿ ನಿಯಾಜ್ ಆಲ್ಬಮ್ ಮಾಡಿದ್ದ.

ಅಂದು ಬೆಳಿಗ್ಗೆ ಅವಳು ಲಿಂಗಸುಗೂರಿನ ಶಾಲೆಗೆ ಪಾಠ ಮಾಡಲು ಹೊರಟಿದ್ದಳು. ಬಸ್ಸಿನಲ್ಲಿ ಯಾರದೋ ಮೊಬೈಲಿನಲ್ಲಿ ಅದೇ ಆಲ್ಬಮ್! ಅಬ್ಬಾನ ದನಿಗೆ ಕಣ್ಣು ತುಂಬಿದ್ದವು. ಹನ್ನೊಂದನೇ ಹಾಡು ಶುರುವಾಯಿತು...

ಅದು ತನ್ನದೇ ದನಿ! ನಡುದಾರಿಯಲ್ಲೇ ಇಳಿದು ಸಿಂಧನೂರಿನ ಬಸ್ಸು ಹತ್ತಿದ್ದಳು.

“ನಿಮ್ಮ ಅಮ್ಮೀ ಹೂಂ ಅಂದ್ರು. ನಿಮ್ಮನ್ನ ಕೇಳ್ಯಾರ ಅಂದ್ಕೊಂಡೆ...” ನಿಯಾಜ್ ತಡವರಿಸಿದ. “ತಪ್ಪಾತು.”

ಆರು ವರ್ಷದ ಹಿಂದೆ ನಿಯಾಜ್ ಪ್ರತಿ ಭಾನುವಾರ ಅಬ್ಬಾನ ಪದ ರೆಕಾರ್ಡ್ ಮಾಡಲು ಮಸ್ಕಿಗೆ ಬರುತ್ತಿದ್ದ. ಒಂದು ದಿನ ಅಬ್ಬಾನಿಗೆ ಕೆಮ್ಮು ಬಿಡಲಿಲ್ಲ, ಅವಳೇ ಹಾಡಿದ್ದಳು. ಅಂದು ಅವನು ನೋಡಿದ ನೋಟ! ಮುಂದಿನ ಭಾನುವಾರ ಅವನು ಬರಲಿಲ್ಲ. ಮತ್ತೆಂದೂ ಬರಲಿಲ್ಲ.

“ಹಾಡು ಸಿಕ್ತು, ಕೆಲಸ ಮುಗೀತು. ಹಂಗಲ್ಲೇನ್ರಿ?” ಅವಳು ಕೇಳಿದಳು.

“ಅಲ್ಲ! ತುರ್ವಿಹಾಳದಾಗ ನಿಮ್ಮ ಮದುವಿ ನಿಶ್ಚಯ ಆಗೇತಿ, ಇನ್ನ ಬರಬ್ಯಾಡ ಅಂತ ನಿಮ್ಮ ಅಬ್ಬಾನೇ ಹೇಳಿದ್ರು.”

ಶಾಹೀಸ್ತಾ ಅವನತ್ತ ಒಂದು ಹೆಜ್ಜೆ ಇಟ್ಟಳು. “ನನ್ನ ಮದುವಿ? ಯಾರ ಜೋಡಿ?”

“ಆಲ್ಬಮ್ ಬಿಟ್ಟ ಮ್ಯಾಲೆ, ನಿನ್ನೆ ನಿಮ್ಮ ಅಮ್ಮೀ ಕೊಟ್ಟಿದ್ರಾಗ ಉಳಿದ ಕ್ಯಾಸೆಟ್ ಕೇಳಾಕತ್ತಿದ್ದೆ. ಕಡೇದ್ರಾಗ ಇದು ಸಿಕ್ತು. ಇವತ್ತ ಸಂಜಿ ಮಸ್ಕಿಗೆ ತರಾಂವ ಇದ್ದೆ.”

ಅವನು ಕ್ಯಾಸೆಟ್ ಹಾಕಿದ. ಕೆಮ್ಮು. ಆಮೇಲೆ ಅಬ್ಬಾನ ದಣಿದ ದನಿ.

“ನಿಯಾಜ್... ಶಾಹೀಸ್ತಾಗ ಎಲ್ಲೂ ಮದುವಿ ನಿಶ್ಚಯ ಮಾಡಿದ್ದಿಲ್ಲಪ್ಪ. ಮಗಳು ಮನಿ ಬಿಟ್ಟು ಹೋದ್ರ ನಾ ಹೆಂಗ ಇರ್ಲಿ ಅಂತ ಹೆದರಿ ಸುಳ್ಳು ಹೇಳೀನಿ. ಮಾಫ್ ಮಾಡು.”

ಅವಳು ಅಲ್ಲೇ ನೆಲದ ಮೇಲೆ ಕುಳಿತಳು. ಅಬ್ಬಾ... ನೀನಾ? ಅವರ ಮೇಲೆ ಸಿಟ್ಟು ಬಂತು. ಆ ಕೆಮ್ಮು ಕೇಳಿ ಅಳುವೂ ಬಂತು. ಎಷ್ಟೋ ಹೊತ್ತು ಅತ್ತಳು.

ಕೊನೆಗೆ ಮುಖ ಒರೆಸಿಕೊಂಡಳು.

“ಅವ್ರು ಸುಳ್ಳು ಹೇಳಿದ್ರು, ನೀವು ನಂಬಿದ್ರಿ. ನನ್ನ ಮಾತ್ರ ಒಬ್ರೂ ಕೇಳಲಿಲ್ಲ!”

ನಿಯಾಜ್ ತಲೆ ತಗ್ಗಿಸಿದ. “ಖರೆ. ಹಾಡು ತೆಗೀಲೇನ್ರಿ? ಈಗಿಂದೀಗ ತೆಗೀತೀನಿ.”

ಶಾಹೀಸ್ತಾ ಯೋಚಿಸಿದಳು. ಬಸ್ಸಿನಲ್ಲಿ ಆ ಹಾಡಿಗೆ ಜನ ಮಾತು ನಿಲ್ಲಿಸಿ ಕಿವಿಗೊಟ್ಟಿದ್ದರು.

“ಬ್ಯಾಡ. ಇರ್ಲಿ.”

ಅವನು ಅವಳೆದುರು ನೆಲದ ಮೇಲೆಯೇ ಕುಳಿತ.

“ಇನ್ನೊಂದು ಕೇಳೂದೈತಿ... ನನ್ನ ಮದುವಿ ಆಗ್ತೀಯೇನು, ಶಾಹೀಸ್ತಾ?”

ಅಳುವಿನ ನಡುವೆಯೇ ಅವಳ ತುಟಿಯಲ್ಲಿ ನಗು ಒಡೆಯಿತು.

“ಆರು ವರ್ಷ ಬೇಕಾತೇನ್ರಿ, ಇಷ್ಟು ಕೇಳಾಕ?”

“ಹೂಂ ಅನ್ನು, ಸಾಕು.”

“ಹೂಂ,” ಎಂದಳು.