‘ಕುಂಭೀಪಾಕ’ದ ಎರಡನೆಯ ದನಿ

ಬುಧವಾರ ಬೆಳಿಗ್ಗೆ ಸೆಪ್ಟಿಕ್ ಟ್ಯಾಂಕಿನ ಮುಚ್ಚಳ ಎತ್ತಿದಾಗ, ಶುಚಿ ಮಾಡಲು ಇಳಿದಿದ್ದ ಶೆಟ್ಟೆಪ್ಪ ಅದರ ಕೆಳಗೇ ಇದ್ದ. ಒಳಗಿನ ಕಬ್ಬಿಣದ ಮೆಟ್ಟಿಲುಗಳಲ್ಲಿ ಎಲ್ಲಕ್ಕಿಂತ ಮೇಲಿನದಕ್ಕೆ ಮೊಣಕೈ ಸಿಕ್ಕಿಕೊಂಡಿತ್ತು. ಬೆರಳ ತುದಿಗಳ ಚರ್ಮ ಕಿತ್ತುಹೋಗಿತ್ತು. ಪ್ರಾಣ ಹೋಗಿ ಹೆಚ್ಚುಕಡಿಮೆ ಒಂದು ದಿನವಾಗಿತ್ತು.

ಬಾಂದ್ರಾದ ಆ ಹಳೆಯ ಬಿಲ್ಡಿಂಗಿನ ಹಿತ್ತಲಲ್ಲಿ ನಿಂತಿದ್ದ ಸಬ್‌ಇನ್‌ಸ್ಪೆಕ್ಟರ್ ಮಹಾದೇವಿ ಬಗ್ಗಿ ಅವನ ಕೈಗಳನ್ನು ನೋಡಿದಳು. ಹಿಂದಿನ ಸಂಜೆ ಇವನ ಹೆಂಡತಿ ರಾಚವ್ವ ಠಾಣೆಗೆ ಬಂದಿದ್ದಳು, ಕೆಲಸಕ್ಕೆ ಹೋದ ಗಂಡ ಮರಳಿಲ್ಲವೆಂದು. ಕುಡಿದು ಎಲ್ಲೋ ಬಿದ್ದಿರುತ್ತಾನೆ ಎಂದು ಯಾರೋ ಅವಳನ್ನು ವಾಪಸು ಕಳಿಸಿದ್ದರು.

ಬಿಲ್ಡಿಂಗಿನ ಸೆಕ್ರೆಟರಿ ಕಾಶಿನಾಥ ಹಿಂದಿಯಲ್ಲಿ ಅದನ್ನೇ ಹೇಳಿದ. “ದಾರೂ ಕುಡಿದು ಬಿದ್ದಿದ್ದಾನೆ, ಮ್ಯಾಡಮ್. ಅಲ್ಲೇ ಬಾಟಲಿ ಇದೆ, ನೋಡಿ.”

“ಬಿದ್ದವನು ತಲೆಯ ಮೇಲಿನ ಮುಚ್ಚಳ ತಾನೇ ಹಾಕಿಕೊಂಡನೋ?”

“ಕಾಂಟ್ರ್ಯಾಕ್ಟರ್ ಬಸವಂತಪ್ಪನನ್ನು ಕೇಳಿ. ಕರೆತಂದವನು ಅವನೇ. ಇಬ್ಬರೂ ಕಾನಡಿ, ಕನ್ನಡ ಮಂದಿ. ಅವರ ಮಾತು ನಮಗೆಲ್ಲಿ ತಿಳಿಯಬೇಕು?”

ಬಸವಂತಪ್ಪನ ಫೋನ್ ಬಂದ್ ಆಗಿತ್ತು.

* * *

ಹಿತ್ತಲಿಗೆ ತಾಗಿಕೊಂಡೇ ಒಂದು ರೆಕಾರ್ಡಿಂಗ್ ಸ್ಟುಡಿಯೋ. ಮೆಟಲ್‌ಕೋರ್ ಬ್ಯಾಂಡೊಂದು ಅಲ್ಲಿ ಆಲ್ಬಮ್ ಮುಗಿಸುತ್ತಿತ್ತು. ಹಳೆಯ ಕಾವ್ಯ, ಪುರಾಣಗಳು ಬಣ್ಣಿಸಿದ ನರಕಗಳೇ ಅದರ ವಸ್ತು. ಹಾಡಿಗೊಂದು ನರಕ. ಗಿಟಾರು, ಡ್ರಮ್ಮುಗಳ ಅಬ್ಬರ, ಅದರ ಮೇಲೆ ಗಾಯಕ ಅನಿಕೇತ್‌ನ ಗಂಟಲು ಹರಿಯುವ ಚೀತ್ಕಾರ.

“ನಿನ್ನೆ ಏನಾದರೂ ಕೇಳಿಸಿತೇ?” ಮಹಾದೇವಿ ಹಿಂದಿಯಲ್ಲಿ ಕೇಳಿದಳು.

“ಕಿವಿಗೆ ಹೆಡ್‌ಫೋನ್ ಇರುತ್ತೆ ಮ್ಯಾಡಮ್,” ಎಂದ ಅನಿಕೇತ್. “ಮಧ್ಯಾಹ್ನ ‘ಕುಂಭೀಪಾಕ’ ರೆಕಾರ್ಡ್ ಮಾಡ್ತಿದ್ವಿ. ಪಾಪಿಗಳನ್ನು ಕುದಿಯೋ ಎಣ್ಣೆಗೆ ಹಾಕೋ ನರಕ. ಕೊನೆಯಲ್ಲಿ ಒಂದು ಸೌಂಡ್ ಸಿಕ್ಕಿದೆ. ಕೇಳಿ, ಮೈ ಜುಮ್ಮೆನ್ನುತ್ತೆ.”

ಸೌಂಡ್ ಎಂಜಿನಿಯರ್ ರೂಪಾಲಿ ಹಾಡು ಹಾಕಿದಳು. ಅಬ್ಬರ ಏರಿತು. ತಟ್ಟನೆ ನಿಂತಿತು. ಆಮೇಲೆ, ಆಳದಿಂದ ಇನ್ನೊಂದು ದನಿ.

ಮಹಾದೇವಿ ಎದ್ದು ನಿಂತಳು. “ಯಾರದು?”

“ಯಾರೂ ಅಲ್ಲ,” ಎಂದ ಅನಿಕೇತ್. “ಎಕೋ ಬರಲಿ ಅಂತ ಹಳೇ ಬಾತ್‌ರೂಮಿನ ಪೈಪಿಗೆ ಒಂದು ಮೈಕ್ ಇಳಿಸಿದ್ವಿ. ಅದರಲ್ಲಿ ಬಂತು. ಅರ್ಥವಿಲ್ಲದ ಶಬ್ದ. ಆದರೆ ನರಕ ಅಂದ್ರೆ ಹೀಗೇ ಇರಬೇಕು ಅನ್ನಿಸ್ತು. ವಾಲ್ಯೂಮ್ ಹೆಚ್ಚಿಸಿ ಇಟ್ಕೊಂಡ್ವಿ.”

“ಮಿಕ್ಕಿದ್ದೆಲ್ಲ ತೆಗೆ,” ಎಂದಳು ಮಹಾದೇವಿ, ರೂಪಾಲಿಗೆ. “ಆ ಮೈಕ್ ಮಾತ್ರ.”

ಈಗ ಮಾತು ಸ್ಪಷ್ಟವಾಯಿತು. ಮಹಾದೇವಿಯ ಮನೆಮಾತು, ಕನ್ನಡ.

“ಯಪ್ಪಾ, ಉಸುರ ಕಟ್ಟಾಕತ್ತೈತ್ರಿ... ಮ್ಯಾಲ ಬರ್ತೀನ್ರಿ...”

ಮೇಲಿನಿಂದ ಬೇರೊಂದು ದನಿ: “ಐದ ಮಿನಿಟ ತಡಿಯೋ. ಮಂದಿ ಬಂದಾರ, ನಾತ ಹೊಡೀತೈತಿ.”

ಕಬ್ಬಿಣ ಬಿದ್ದ ಸದ್ದು. ಬಡಿತ. ಆಮೇಲೆ ಆ ಕೂಗು. ಫೈಲಿನ ಮೇಲೆ ಮಂಗಳವಾರ, ಹನ್ನೆರಡೂ ನಲವತ್ತು ಎಂದಿತ್ತು.

“ಅದು ಮನುಷ್ಯ ಕಣಯ್ಯಾ!” ಮಹಾದೇವಿ ಅನಿಕೇತ್‌ನ ಕಡೆ ತಿರುಗಿದಳು. “ನಿಮ್ಮ ಪೈಪು ಹೋಗೋ ಟ್ಯಾಂಕಿನಲ್ಲೇ, ಹತ್ತು ಹೆಜ್ಜೆ ಆಚೆ ಸಾಯ್ತಿದ್ದ. ನೀವು ವಾಲ್ಯೂಮ್ ಹೆಚ್ಚಿಸಿದಿರಿ.”

ಅನಿಕೇತ್ ಕೈ ಚಾಚಿ ಸ್ಪೀಕರ್ ಬಂದ್ ಮಾಡಿದ. ರೂಪಾಲಿ ಬಾಯಿ ಮುಚ್ಚಿಕೊಂಡು ಹೊರಗೋಡಿದಳು.

* * *

ಮೇಲಿನ ದನಿ ಆಡಿದ್ದು ಕನ್ನಡ. ಅನುಮಾನವೆಲ್ಲ ಬಸವಂತಪ್ಪನ ಕಡೆಗೇ ಹೋಯಿತು. ಮಧ್ಯಾಹ್ನ ಮಾಟುಂಗದಲ್ಲಿ ಅವನು ಸಿಕ್ಕಿಬಿದ್ದ.

“ಫೋನ್ ಯಾಕ ಬಂದ್ ಇಟ್ಟಿ?”

“ಸುದ್ದಿ ಕೇಳಿ ಅಂಜಿಕಿ ಆತ್ರಿ. ಆದ್ರ ನಿನ್ನಿ ದಿನಾಪೂರ್ತಿ ನಾ ಬೊರಿವಲ್ಯಾಗ ಇದ್ದೆ. ಸೈಟಿನ ಗೇಟಿಗೆ ಕ್ಯಾಮೆರಾ ಐತಿ, ನೋಡ್ರಿ. ಶೆಟ್ಟೆಪ್ಪಗ ಸೆಕ್ರೆಟರಿ ಸಾಹೇಬ್ರ ಸೀದಾ ಫೋನ್ ಮಾಡಿ ಕರೀತಿದ್ರು.”

ಕ್ಯಾಮೆರಾ ನೋಡಿದ್ದಾಯಿತು. ಅವನು ಹೇಳಿದ್ದು ನಿಜ.

“ಶೆಟ್ಟೆಪ್ಪಗ ಹಿಂದಿ ಬರ್ತಿತ್ತೇನು?”

“ಎಲ್ಲೀದ್ರಿ! ಒಂದಕ್ಷರ ತಿಳೀತಿರಲಿಲ್ಲ.”

ಹಾಗಾದರೆ ಕಾಶಿನಾಥ ಫೋನಿನಲ್ಲಿ ಯಾವ ಭಾಷೆ ಆಡಿದ?

* * *

ಕಾಶಿನಾಥ ಬಾಗಿಲು ತೆರೆದ. ಮಹಾದೇವಿ ಅವನ ಭುಜದತ್ತ ನೋಡಿ ಥಟ್ಟನೆ ಕನ್ನಡದಲ್ಲಿ ಅಂದಳು: “ಹೆಗಲ ಮ್ಯಾಲ ಹಲ್ಲಿ ಬಿದ್ದೈತಿ ನೋಡ್ರಿ!”

ಅವನ ಕೈ ಸರ್ರನೆ ಹೆಗಲಿಗೆ ಹಾರಿತು. ಅಲ್ಲೇ ನಿಂತಿತು.

“ಯಾವ ಊರು?”

ಅವನು ಕೈ ಕೆಳಗಿಳಿಸಿದ. “ಬೆಳಗಾವಿ.”

* * *

ಠಾಣೆಯಲ್ಲಿ ರಾಚವ್ವನ ಕಿವಿಗೆ ಹೆಡ್‌ಫೋನ್ ಇಟ್ಟರು. ಅವಳು ಕೊನೆಯವರೆಗೂ ಕೇಳಿದಳು. “ನಮ್ಮವ್ರರಿ,” ಎಂದಳು. ಆಮೇಲೆ ಕಾಶಿನಾಥನತ್ತ ಬೆರಳು ತೋರಿಸಿದಳು. “ಮ್ಯಾಲಿನ ದನಿ ಈ ಸಾಹೇಬ್ರದು. ಫೋನಿನ್ಯಾಗ ಭಾಳ ಸಲ ಕೇಳೀನಿ.”

ಮಹಾದೇವಿ ಟೇಬಲ್ ಗುದ್ದಿದಳು.

“ಕುಡಿದು ಬಿದ್ದವನು ತಳದಲ್ಲಿ ಸಿಗಬೇಕಿತ್ತು. ಇವನು ಮೇಲಿನ ಮೆಟ್ಟಿಲಿನ ತನಕ ಹತ್ತಿ ಬಂದಿದ್ದ. ಬೆರಳ ಚರ್ಮ ಕಿತ್ತುಹೋಗುವಷ್ಟು ಮುಚ್ಚಳ ಬಡಿದಿದ್ದ. ಮಗಳನ್ನು ನೋಡಲು ನಿನ್ನೆ ಮಧ್ಯಾಹ್ನ ಗಂಡಿನ ಕಡೆಯವರು ಬಂದಿದ್ದು ನಿನ್ನ ಮನೆಗೇ. ಬಿಲ್ಡಿಂಗಿನ ವಾಚ್‌ಮನ್ ಗೇಟಿನ ಪುಸ್ತಕದಲ್ಲಿ ಬರೆದಿದ್ದಾನೆ. ಬಾಟಲಿ ಇಟ್ಟವನೂ ನೀನೇ. ಕನ್ನಡ ಬಾರದವನಂತೆ ನಟಿಸಿದರೆ, ಅವನನ್ನು ಕರೆಸಿದ್ದು ನೀನೆಂದು ಯಾರೂ ಸಂಶಯ ಪಡುವುದಿಲ್ಲ ಅಂದುಕೊಂಡೆ. ‘ಐದ ಮಿನಿಟ’ ಆದಮೇಲೆ ಮುಚ್ಚಳ ಯಾಕೆ ತೆಗೀಲಿಲ್ಲ?”

ಕಾಶಿನಾಥ ಹಿಂದಿಯಲ್ಲಿ ಗೊಣಗಿದ. “ಭೂಲ್ ಗಯಾ, ಮ್ಯಾಡಮ್. ಸಂಜೆ ನೆನಪಾಗಿ ಹೋಗಿ ನೋಡಿದೆ... ಗಾಬರಿಯಾಯಿತು...”

ಮಹಾದೇವಿ ಅವನ ರಟ್ಟೆ ಹಿಡಿದು ರಾಚವ್ವನ ಕಡೆ ತಿರುಗಿಸಿದಳು. “ಆಕೀಗೆ ಹಿಂದಿ ತಿಳಿಯೂದಿಲ್ಲ. ಮಾರಿ ನೋಡಿ ಕನ್ನಡದಾಗ ಹೇಳು.”

ಅವನು ರಾಚವ್ವನ ಮುಖ ನೋಡಿದ. “ಮಂದಿ ಕೂಡ ಊಟಕ್ಕ ಕುಂತ್ವಿ... ಮಾತಿನಾಗ ಮರ್ತಬಿಟ್ಟೆ, ತಂಗಿ.”

ರಾಚವ್ವ ಅಳಲಿಲ್ಲ. ಒಂದು ಹೆಜ್ಜೆ ಮುಂದೆ ಬಂದಳು.

“ಎಷ್ಟೊತ್ತು ಉಂಡ್ರಿ?”

ಅವನು ತಲೆ ತಗ್ಗಿಸಿದ. ಮಹಾದೇವಿ ಅವನ ರಟ್ಟೆ ಬಿಡಲಿಲ್ಲ.

“ಕೇಳಾಕತ್ತಾಳ. ಹೇಳು.”