ಕೋಚ್ ಮಚ್ಛೇಂದ್ರ ಅವರ ಪ್ರತಿಕ್ರಿಯೆ

ಸೋಮವಾರದೊಳಗೆ ಗೋರಖನಾಥನಿಗೆ ಎರಡರಲ್ಲೊಂದು ಆಗಲೇಬೇಕಿತ್ತು: ಒಂದೋ ಮುಖಪುಟದಲ್ಲಿ ಅವನ ಹೆಸರಿನ ಸುದ್ದಿ, ಇಲ್ಲವೇ ಭಾಲ್ಕಿ ಮಾರುಕಟ್ಟೆಯ ತೊಗರಿ, ಸೋಯಾ ಧಾರಣೆ ಬರೆಯುವ ಕುರ್ಚಿ. ಬೀದರಿನ ಪತ್ರಿಕೆಯೊಂದರ ಕ್ರೀಡಾಪುಟವನ್ನು ಹದಿನೆಂಟು ವರ್ಷ ನೋಡಿಕೊಂಡವನಿಗೆ ಸಂಪಾದಕರು ಕೊಟ್ಟ ಗಡುವು ಅದು. ಕಾರಣ ನಾಹೀದ. ಎದುರಾಳಿ ಪತ್ರಿಕೆಗೆ ಸೇರಿ ಎರಡು ವರ್ಷ ತುಂಬಿರಲಿಲ್ಲ. ಕ್ರೀಡಾಂಗಣದ ಕಳಪೆ ಕಾಮಗಾರಿ, ಕುಸ್ತಿ ತೀರ್ಪುಗಾರರ ಲಂಚದ ಭಾನಗಡಿ, ಎರಡನ್ನೂ ಅವಳೇ ಮೊದಲು ಬರೆದಿದ್ದಳು. ಗೋರಖನಾಥನಿಗೆ ಎರಡೂ ಅವಳಿಗಿಂತ ಮೊದಲೇ ಗೊತ್ತಿದ್ದವು. ಗೊತ್ತಿದ್ದೂ ಬರೆದಿರಲಿಲ್ಲ ಎನ್ನುವುದೇ ಅವನ ಹೊಟ್ಟೆ ಉರಿಸುತ್ತಿತ್ತು.

ಹಗರಣ ಸಿಗದಿದ್ದರೆ ಮಾಡಿಕೊಳ್ಳಬೇಕು. ಅವನು ಕಬಡ್ಡಿಯನ್ನು ಆರಿಸಿಕೊಂಡ. ಹಲಬರ್ಗಾದ ಸಪ್ನಾ ರಾಜ್ಯದ ಕಿರಿಯರ ತಂಡಕ್ಕೆ ಆಯ್ಕೆಯಾಗಿದ್ದಳು. ಅವಳಿಗೆ ಆಟ ಕಲಿಸಿದವನು ಔರಾದದ ಮಚ್ಛೇಂದ್ರ, ಬೈದರೂ ತಲೆ ತಗ್ಗಿಸಿ ನಗುವ ಮನುಷ್ಯ. ಸಪ್ನಾಳ ನಿಜವಾದ ವಯಸ್ಸು ಎರಡು ವರ್ಷ ಹೆಚ್ಚು, ಕೋಚ್ ಅದನ್ನು ಮುಚ್ಚಿಟ್ಟಿದ್ದಾನೆ: ಇಷ್ಟು ಸುಳ್ಳು ಸಾಕು. ಹುಡುಗಿಯ ಆಟ ಅಲ್ಲಿಗೆ ಮುಗಿಯುತ್ತದೆ ಎಂಬುದು ಅವನಿಗೆ ಹೊಳೆಯದೆ ಇರಲಿಲ್ಲ. ಪಾಪ ಅನಿಸಿತು. ಒಂದು ಚಹಾ ಕುಡಿದ, ಹೋಯಿತು.

ಸಪ್ನಾ ಮೊದಲೆರಡು ವರ್ಷ ಕಲಿತದ್ದು ಗಡಿಯಾಚೆ, ಅಜ್ಜಿಯ ಊರಿನ ಮರಾಠಿ ಶಾಲೆಯಲ್ಲಿ. ಮಕ್ಕಳಿಲ್ಲದೆ ಆ ಶಾಲೆ ಮುಚ್ಚಿತ್ತು. ಅದರ ದಾಖಲೆಗಳನ್ನು ಗೆದ್ದಲು ತಿಂದು ಮುಗಿಸಿದ್ದನ್ನು ಅವನು ಅಲ್ಲಿಗೇ ಹೋಗಿ ಕಣ್ಣಾರೆ ನೋಡಿ ಬಂದ. ಅದೇ ಶಾಲೆಯಲ್ಲಿ ಕಲಿತ ಯಾರದೋ ಹಳೆಯ ವರ್ಗಾವಣೆ ಪತ್ರದ ಮೇಲೆ ಸಪ್ನಾಳ ಹೆಸರು, ಎರಡು ವರ್ಷ ಹಿಂದಿನ ಜನ್ಮದಿನಾಂಕ ಅಂಟಿಸಿ, ಜೆರಾಕ್ಸ್ ಮಾಡಿ, ಅದರದೂ ಜೆರಾಕ್ಸ್ ಮಾಡಿದ. ಮೊಹರು ಕರಿ ಮಚ್ಚೆಯಾಗುವ ತನಕ ಬಿಡಲಿಲ್ಲ. ಬುಧವಾರ ಭಾಲ್ಕಿಗೆ ಹೋಗಿ, ಕಳಿಸಿದವರ ಹೆಸರಿಲ್ಲದೆ, ತನ್ನದೇ ಕಚೇರಿ ವಿಳಾಸಕ್ಕೆ ಅಂಚೆಗೆ ಹಾಕಿದ. ಶನಿವಾರ ಲಕೋಟೆ ಬಂದಾಗ ಸಂಪಾದಕರ ಎದುರೇ ಒಡೆದು, ಬೇಕಾದಷ್ಟು ಬೆಚ್ಚಿಬಿದ್ದ.

ಸಂಪಾದಕರು ಅವನು ಬರೆದುಕೊಟ್ಟ ಸುದ್ದಿಯನ್ನು ಎರಡು ಸಲ ಓದಿದರು. "ಸುದ್ದಿ ಛಲೋ ಅದ. ಆದ್ರ ಮಚ್ಛೇಂದ್ರನ ಮಾತು ಎಲ್ಲಿ? ಅಂವ ಏನಂತಾನ ಕೇಳದೆ ಹಾಕಂಗಿಲ್ಲ ನೋಡು."

"ಈಗೇ ಕೇಳ್ತೇನ್ರಿ ಸರ್."

ಕೇಳಲಿಲ್ಲ. ಕೇಳಿದರೆ ಮಚ್ಛೇಂದ್ರ ಗಾಬರಿಬಿದ್ದು ಹತ್ತು ಮಂದಿಗೆ ಹೇಳುತ್ತಾನೆ, ಹತ್ತರಲ್ಲಿ ಒಬ್ಬ ನಾಹೀದಳಿಗೆ ಮುಟ್ಟಿಸುತ್ತಾನೆ, ಮರುದಿನ ಅವಳದೇ ಮೊದಲ ಸುದ್ದಿ. 'ಸಂಪರ್ಕಕ್ಕೆ ಸಿಗಲಿಲ್ಲ' ಎಂಬ ಸಾಲು ಅವನ ಬೆರಳುಗಳಿಗೆ ಬಾಯಿಪಾಠವಾಗಿತ್ತು. ಆದರೆ ಈ ಸಲ ಅದು ಬಡಕಲಾಗಿ ಕಂಡಿತು. ಆದ್ದರಿಂದ ಬರೆದ: 'ಶನಿವಾರ ಸಂಜೆ ವಾಟ್ಸ್ಆ್ಯಪ್ ಕರೆಯಲ್ಲಿ ಮಾತನಾಡಿದ ಮಚ್ಛೇಂದ್ರ, ವಯಸ್ಸಿನ ವಿಷಯ ನನ್ನನ್ನು ಕೇಳಬೇಡಿ ಎಂದು ಸಿಟ್ಟಿನಿಂದ ಕರೆ ಕಡಿತಗೊಳಿಸಿದರು.' ಅಂಥ ಕರೆ ಫೋನ್ ಕಂಪನಿಯ ಪಟ್ಟಿಯಲ್ಲಿ ಇರುವುದಿಲ್ಲ. ನಾಳೆ ಅವನು ಇಲ್ಲ ಎಂದರೆ ಇವನು ಹೌದು ಎನ್ನುತ್ತಾನೆ. ಹದಿನೆಂಟು ವರ್ಷದ ವರದಿಗಾರನ ಮಾತು ಒಂದು ಕಡೆ, ಸಿಕ್ಕಿಬಿದ್ದ ಕೋಚ್‌ನ ಮಾತು ಇನ್ನೊಂದು ಕಡೆ. 'ಸಿಟ್ಟಿನಿಂದ' ಎಂಬ ಪದದ ಮೇಲೆ ಅವನಿಗೆ ವಿಶೇಷ ಪ್ರೀತಿ ಹುಟ್ಟಿತು.

ಭಾನುವಾರ ಮುಖಪುಟ. ಸಂಪಾದಕರು ಜಿಲೇಬಿ ತರಿಸಿದರು. ಸಪ್ನಾಳ ಆಯ್ಕೆಯನ್ನು ತಡೆಹಿಡಿದಿದ್ದೇವೆ ಎಂದು ಕಬಡ್ಡಿ ಸಂಘದವರು ಹತ್ತು ಗಂಟೆಗೇ ತಿಳಿಸಿದರು. ಮಚ್ಛೇಂದ್ರನ ಕಡೆಯಿಂದ ಮಾತ್ರ ಸದ್ದಿಲ್ಲ. ತಪ್ಪಿಲ್ಲದ ಮನುಷ್ಯ ಇಷ್ಟು ಹೊತ್ತು ಸುಮ್ಮನಿರುತ್ತಾನೆಯೇ ಎಂದು ಓದುಗರು ಫೋನ್ ಮಾಡಿ ಕೇಳಿದರು. ಒಂದು ಗಳಿಗೆ ಗೋರಖನಾಥನಿಗೂ ಅದು ಖರೆ ಅನಿಸಿತು.

ಮಧ್ಯಾಹ್ನ ನಾಹೀದಳ ಕರೆ ಬಂತು. ಸೋತವಳು ಅಭಿನಂದಿಸುವುದನ್ನು ಎಲ್ಲರೂ ಕೇಳಲೆಂದು ಅವನು ಸ್ಪೀಕರ್ ಹಾಕಿದ. "ಗೋರಖನಾಥ ಸರ್, ಔರಾದದಿಂದ ಮಾತಾಡ್ಲಾಕತ್ತೀನ್ರಿ. ಮಚ್ಛೇಂದ್ರ ಸರ್ ಏನಂತಾರ ಕೇಳಬೇಕಂತ ಬಂದಿದ್ದೆ. ಅವರು ಇಲ್ಲಿ ಬುದ್ಧವಿಹಾರದಾಗ ಹತ್ತು ದಿನದ ಮೌನ ಶಿಬಿರಕ್ಕ ಕುಂತಾರ್ರಿ, ಇವತ್ತಿಗಿ ಎಂಟು ದಿನ. ಫೋನ್ ಮೊದಲನೇ ದಿನಾನೇ ಬಂದ್ ಮಾಡಿಸಿ ಅಲಮಾರಿದಾಗ ಇಟ್ಟು ಕೀಲಿ ಹಾಕ್ಯಾರ. ರಜಿಸ್ಟರದಾಗ ಸಹಿ ಅದ, ಫೋಟೋ ತಗೊಂಡೀನಿ. ನಿನ್ನಿ ಸಂಜಿಗಿ ನಿಮ್ಮ ಜೋಡಿ ಸಿಟ್ಟಿಲೆ ಮಾತಾಡಿದವರು ಯಾರ್ರಿ ಸರ್? ಹೇಳ್ರಿ, ಬರಕೋತೀನಿ. ನೀವು ಹೇಳಿದ್ದು ಹೇಳಿದಂಗ ಹಾಕ್ತೇನ್ರಿ."