ಮಧ್ಯಾಹ್ನ ಲಾಗಿನ್ ಆಗದವಳು

"ನಾಚಿಕೆ ಆಗಲ್ವಾ ನಿಮಗೆ? ಪ್ರೇಮ ಮಾಡೋಕೆ ನಿಮಗೆ ನನ್ನ ಸರ್ವರ್ ಇಮೇಜೇ ಸಿಕ್ಕಿತಾ?"

ಇಮಾಸ್ ಕೂಗಿದ ರಭಸಕ್ಕೆ ಇಡೀ ಆಫೀಸು ಅವಳತ್ತ ತಿರುಗಿತು. ಊಟಕ್ಕೆ ಎದ್ದವರು ಎದ್ದಲ್ಲೇ ನಿಂತರು.

ಅವಳೆದುರು ಯಾಯನ್ ತಲೆ ತಗ್ಗಿಸಿ ನಿಂತಿದ್ದ. ಅವನ ಕೈಯಲ್ಲಿ ಬಾಳೆಲೆಯಲ್ಲಿ ಸುತ್ತಿದ ಎರಡು ಅನ್ನದ ಪೊಟ್ಟಣಗಳಿದ್ದವು.

"ಬಾಯಿಬಿಡಿ ಕಾಂಗ್ ಯಾಯನ್! ನಿನ್ನೆ ಮಧ್ಯಾಹ್ನ ಹೆಣ್ಣುಮಕ್ಕಳ ಶಾಲೆಯ ಹೆಡ್‌ಮಾಸ್ಟರು ಪ್ರೊಜೆಕ್ಟರ್ ಹಾಕಿ ಇಡೀ ಕ್ಲಾಸಿಗೆ ಲೈಬ್ರರಿ ಸರ್ವರ್ ತೋರಿಸ್ತಾ ಇದ್ರಂತೆ. ಗೋಡೆ ತುಂಬ ಏನು ಬಂತು ಗೊತ್ತಾ? 'ನೆಂಗ್, ಊಟ ಆಯ್ತಾ? ಎದ್ದು ಬಾ, ಕಾಯ್ತಾ ಇದ್ದೀನಿ!' ಹುಡುಗೀರೆಲ್ಲ ಬೆಂಚು ಕುಟ್ಟಿ ಕಿರುಚಿದ್ರಂತೆ!"

ಯಾರೋ ಕಿಸಕ್ಕನೆ ನಕ್ಕರು. ಇಮಾಸ್ ತಿರುಗಿ ನೋಡಿದಳು. ನಗು ಅಲ್ಲೇ ಸತ್ತಿತು.

"ಮದರಸಾದ ಹಾಜಿ ಸಾಹೇಬ್ರು ಫೋನ್ ಮಾಡಿದ್ರು. ಎದೆ ಮುಟ್ಟೋ ಗಡ್ಡ ಇದೆ ಅವರಿಗೆ. ಅವರನ್ನ ನೆಂಗ್ ಅಂತ ಕರೆದಿದೆ ನಮ್ಮ ಸರ್ವರ್! ನೀವು ಕೊಟ್ಟ ಮೂಲ ಇಮೇಜಿನ ಮೇಲೇ ನಾನು ಇದನ್ನ ಕಟ್ಟಿದ್ದು, ಆ ಸಾಲು ಬೇರೆ ಯಾರು ಬರೀತಾರೆ? ಯಾರು ಆ ನೆಂಗ್? ರಿಸೆಪ್ಶನ್‌ನಲ್ಲಿ ಕೂರೋಳಾ? ಹೇಳಿ!"

ಅವರ ಊರು ಬಾಂಡುಂಗಿನಲ್ಲಿ ನೆಂಗ್ ಎಂದರೆ ಯಾವ ಹುಡುಗಿಯೂ ಆಗಬಹುದು. ಬಸ್ಸಿನಲ್ಲಿ ಪಕ್ಕ ಕೂತವಳೂ ನೆಂಗ್, ಜೀವಕ್ಕೆ ಜೀವವಾದವಳೂ ನೆಂಗ್. ಆದರೆ ಯಾಯನ್ ಒಂದು ದಿನವೂ ಇಮಾಸಳನ್ನು ಹಾಗೆ ಕರೆದಿರಲಿಲ್ಲ. ಅವಳು ಅವನಿಗೆ ಯಾವಾಗಲೂ 'ತೇತೆ ಇಮಾಸ್'. ಅಕ್ಕ ಅಂದ ಹಾಗೆ! ವಯಸ್ಸಿನಲ್ಲಿ ಚಿಕ್ಕವಳಾದರೂ ಆಫೀಸಿನ ಮರ್ಯಾದೆ ಅದು. ಅವಳ 'ಕಾಂಗ್ ಯಾಯನ್' ಕೂಡ ಅಂಥದೇ ಮರ್ಯಾದೆ, ಅಣ್ಣ ಅಂದ ಹಾಗೆ; ಹೆಸರು ಬಿಟ್ಟು ಬರೀ 'ಅಕಾಂಗ್' ಅನ್ನುವುದು ಮನಸ್ಸಿಗೆ ಹತ್ತಿರವಾದವನಿಗೆ.

ಆ ಮರ್ಯಾದೆಯೇ ಇವತ್ತು ಇಮಾಸಳ ಎದೆಯಲ್ಲಿ ಮುಳ್ಳಿನಂತೆ ಚುಚ್ಚುತ್ತಿತ್ತು. ಇಮೇಜ್ ಹಾಳಾದ ಸಿಟ್ಟು ಅರ್ಧ. ಉಳಿದರ್ಧ...?

'ಯಾರವಳು? ದಿನಾ ಮಧ್ಯಾಹ್ನ ಮೆಟ್ಟಿಲ ಹತ್ತಿರ ಎರಡು ಪೊಟ್ಟಣ ಹಿಡಿದು ಇವರು ಕಾಯೋದು ಯಾರಿಗೆ?'

ಅಷ್ಟರಲ್ಲಿ ಗಾಜಿನ ಬಾಗಿಲು ತೆರೆದು ಪಾಕ್ ಕುಸ್ನಾದಿ ಹೊರಬಂದರು. ಆ ಕ್ಲೌಡ್ ಕಂಪನಿಯ ಯಜಮಾನರು; ಪಾಕ್ ಅಂದರೆ ಅಲ್ಲಿ 'ಸರ್' ಅಂದ ಹಾಗೆ.

"ಇಮೇಜ್ ಕ್ಯಾಟಲಾಗ್‌ನಿಂದ ಇಳಿಸಿದ್ದೀನಿ. ಮಾಡಿದವಳು ಇಮಾಸ್, ಅದರ ಕಸ ತೊಳೆದವನು ಯಾಯನ್ ಅಂತ ದಾಖಲಾಗಿದೆ. ಇಬ್ಬರಲ್ಲಿ ಯಾರ ತಪ್ಪು? ತಪ್ಪು ಮಾಡಿದವರು ಇವತ್ತೇ ಮನೆಗೆ. ನನಗೆ ಪಂಚಾಯಿತಿ ಬೇಡ."

ಇಮಾಸಳ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಇದು ಅವಳ ಹೆಸರಿನಲ್ಲಿ ಕ್ಯಾಟಲಾಗ್ ಏರಿದ ಮೊದಲ ಇಮೇಜ್. ಒಂದು ಸರ್ವರನ್ನು ಶಾಲೆಯ ಲೈಬ್ರರಿಗೆ ಬೇಕಾದಂತೆ ಸಜ್ಜು ಮಾಡಿ ಅದರ ಪಡಿಯಚ್ಚು ತೆಗೆದಿದ್ದಳು. ಯಾವ ಹಳ್ಳಿ ಮೇಷ್ಟ್ರು ಗುಂಡಿ ಒತ್ತಿದರೂ ಅದೇ ಅಚ್ಚಿನಿಂದ ಹೊಸ ಮಷಿನ್ ಎದ್ದು ನಿಲ್ಲಬೇಕು, ಪುಸ್ತಕಗಳ ಲೆಕ್ಕ ಇಡಬೇಕು. ಎಷ್ಟು ಮೆಮೊರಿ ಬೇಕು, ಎಷ್ಟು ಡಿಸ್ಕ್ ಸಾಕು ಅಂತ ತಿಂಗಳುಗಟ್ಟಲೆ ಒದ್ದಾಡಿದ್ದಳು. ಅದಕ್ಕಾಗಿ ಊಟ ಬಿಟ್ಟಿದ್ದಳು...

"ನಂದೇ ತಪ್ಪು ಪಾಕ್."

ಯಾಯನ್‌ನ ದನಿ. ಮೆಲ್ಲಗೆ, ಆದರೆ ಸ್ಪಷ್ಟವಾಗಿ.

"ಆ ಸಾಲು ಬರೆದದ್ದು ನಾನು. ತೇತೆ ಇಮಾಸ್‌ಗೆ ಇದರಲ್ಲಿ ಏನೂ ಸಂಬಂಧ ಇಲ್ಲ."

ಕೊರಳಿನ ಗುರುತಿನ ಚೀಟಿ ತೆಗೆದು ಇಮಾಸಳ ಮೇಜಿನ ಮೇಲಿಟ್ಟ. ಒಂದು ಪೊಟ್ಟಣವನ್ನೂ ಅಲ್ಲೇ ಇಟ್ಟ. ಮೆಟ್ಟಿಲಿಳಿದು ಹೊರಟೇಬಿಟ್ಟ.

ಹಿಂದಕ್ಕೆ ಒಂದು ಸಲವೂ ತಿರುಗಿ ನೋಡಲಿಲ್ಲ.

"ಹೋಗ್ಲಿ!" ಅಂದಳು ಇಮಾಸ್. ಗಟ್ಟಿಯಾಗಿಯೇ ಅಂದಳು. ಆದರೆ ಕಣ್ಣು ಯಾಕೋ ಮಂಜಾಯಿತು...

"ಒಂದು ಗಂಟೆಯೊಳಗೆ ಶುದ್ಧವಾದ ಇಮೇಜ್ ಬೇಕು," ಅಂದು ಪಾಕ್ ಕುಸ್ನಾದಿ ಒಳಗೆ ಹೋದರು.

ಅವಳು ಕುರ್ಚಿ ಎಳೆದು ಕೂತಳು. ಯಾಯನ್ ಕೊಟ್ಟಿದ್ದ ಮೂಲ ಇಮೇಜನ್ನು ತೆರೆದು ಆ ಹಾಳು ಸಾಲನ್ನು ಹುಡುಕಿದಳು.

ಇಲ್ಲ!

ಮತ್ತೆ ಹುಡುಕಿದಳು. ಮೂಲೆ ಮೂಲೆ ತಡಕಿದಳು. ಅವನು ಕೊಟ್ಟ ಮೂಲ, ತೊಳೆದಿಟ್ಟ ತಟ್ಟೆಯಂತೆ ಚೊಕ್ಕವಾಗಿತ್ತು.

'ಇದರಲ್ಲಿ ಇಲ್ಲ ಅಂದ್ರೆ ನನ್ನ ಇಮೇಜಿಗೆ ಎಲ್ಲಿಂದ ಬಂತು?'

ಆಗ ನೆನಪಾಯಿತು ಶುಕ್ರವಾರ.

ಆ ಆಫೀಸಿನಲ್ಲಿ ಒಂದು ಕಟ್ಟುನಿಟ್ಟು. ಇಮೇಜನ್ನು ಒಬ್ಬರು ಮಾಡಬೇಕು, ಇನ್ನೊಬ್ಬರು ತೊಳೆಯಬೇಕು. ಒಳಗೆ ಅಂಟಿಕೊಂಡ ಪಾಸ್‌ವರ್ಡು, ಗುರುತು, ಪರೀಕ್ಷೆಗೆ ಬರೆದ ಚೂರುಪಾರು ಎಲ್ಲ ತೆಗೆದ ಮೇಲೇ ಅದು ಕ್ಯಾಟಲಾಗ್ ಸೇರಬೇಕು. ಇಲ್ಲದಿದ್ದರೆ ಅಚ್ಚಿನಲ್ಲಿದ್ದ ಕಸ ಅದರಿಂದ ಹುಟ್ಟುವ ಪ್ರತಿ ಮಷಿನ್ನಿಗೂ ಅಂಟುತ್ತದೆ.

ಶುಕ್ರವಾರ ಮಧ್ಯಾಹ್ನ ಗಂಡಸರೆಲ್ಲ ಮಸೀದಿಗೆ ಹೋಗಿದ್ದರು. ಯಾಯನ್ ಕೂಡ. "ನಾನು ಬಂದು ತೊಳೆದು ಕೊಡ್ತೀನಿ ತೇತೆ, ಅಲ್ಲಿವರೆಗೆ ಮುಟ್ಟಬೇಡಿ," ಅಂತ ಹೇಳಿಯೇ ಹೋಗಿದ್ದ. ಇವಳಿಗೆ ತಾಳ್ಮೆ ಎಲ್ಲಿ? ದಿನಾ ತಾನು ಪರೀಕ್ಷೆಗೆ ಬಳಸುತ್ತಿದ್ದ ಮಷಿನ್ನನ್ನೇ ಇದ್ದ ಹಾಗೇ ಅಚ್ಚು ತೆಗೆದು, ಯಾಯನ್ ಹೆಸರಿನ ಮುಂದಿದ್ದ 'ತೊಳೆದಿದೆ' ಎಂಬ ಚೌಕಕ್ಕೂ ತಾನೇ ಗುರುತು ಹಾಕಿ, 'ಎಲ್ಲರಿಗೂ ಲಭ್ಯ' ಅಂತ ಒತ್ತಿಬಿಟ್ಟಿದ್ದಳು. ಅವನು ವಾಪಸ್ ಬಂದಾಗ, "ಎಲ್ಲ ಆಯ್ತು ಬಿಡಿ," ಅಂದಿದ್ದಳು, ಜಂಬದಿಂದ.

'ಹಾಗಾದ್ರೆ ಆ ಸಾಲು ಇದ್ದದ್ದು... ನನ್ನ ಮಷಿನ್‌ನಲ್ಲಿ?'

ತನ್ನ ಪರೀಕ್ಷಾ ಮಷಿನ್‌ನಿಂದ ಲಾಗೌಟ್ ಆದಳು. ಮತ್ತೆ ಲಾಗಿನ್ ಆದಳು. ಊಟದ ಹೊತ್ತು ಇನ್ನೂ ಮುಗಿದಿರಲಿಲ್ಲ.

ಕಪ್ಪು ಪರದೆಯ ಮೇಲೆ ಅಕ್ಷರಗಳು ಮೂಡಿದವು.

*ನೆಂಗ್, ಊಟ ಆಯ್ತಾ? ಎದ್ದು ಬಾ, ಕಾಯ್ತಾ ಇದ್ದೀನಿ.*

ಆ ಮಷಿನ್ನಿಗೆ ಹೋಗುವ ಕೀಲಿ ಇದ್ದದ್ದು ಜಗತ್ತಿನಲ್ಲಿ ಇಬ್ಬರಿಗೇ, ಅವಳಿಗೆ ಮತ್ತು ಯಾಯನ್‌ಗೆ. ಅದನ್ನು ಬಳಸುತ್ತಿದ್ದವಳು ಇವಳೊಬ್ಬಳೇ.

"ತೇತೆ ಓದಾ..." ಪಕ್ಕದ ಮೇಜಿನವಳನ್ನು ಕರೆದಳು. "ಇದು... ಇದು ಎಷ್ಟು ದಿನದಿಂದ ಇದೆ?"

ಓದಾ ಆ ಆಫೀಸಿನ ಹಿರಿಯ ಹೆಂಗಸು. ಸ್ಕ್ರೀನಿಗೆ ಬಗ್ಗಿ ನೋಡಿ ಹಣೆ ಚಚ್ಚಿಕೊಂಡಳು.

"ಅಯ್ಯೋ ಹುಚ್ಚಿ! ಈಗ ನೋಡ್ತಿದ್ದೀಯಾ? ಮಧ್ಯಾಹ್ನದ ಹೊತ್ತು ಲಾಗಿನ್ ಆದ್ರೆ ಮಾತ್ರ ಬರೋ ಹಾಗೆ ಮಾಡಿದಾನೆ ಅವನು. ರಂಜಾನ್ ಮುಗಿದಾಗಿನಿಂದ ಇದೆ. ನೀನು ಒಂದು ದಿನಾನೂ ಮಧ್ಯಾಹ್ನ ಲಾಗಿನ್ ಆಗಿಲ್ವಾ?"

"ನಾನು... ಬೆಳಿಗ್ಗೆ ಬಂದ ತಕ್ಷಣ ಆಗ್ತೀನಿ. ಸಂಜೆವರೆಗೂ ಅದರಲ್ಲೇ ಇರ್ತೀನಿ."

"ಇರ್ತೀಯ, ಇರ್ತೀಯ! ಅವನು ಮೆಟ್ಟಿಲ ಹತ್ತಿರ ಅನ್ನ ಹಿಡ್ಕೊಂಡು ಕಂಬದ ಹಾಗೆ ನಿಂತಿರ್ತಾನೆ. ನೀನು ಎಂದೂ ಎದ್ದು ಬರಲ್ಲ. 'ಓದಿದ್ರೂ ಬರಲಿಲ್ಲ ಅಂದ್ರೆ ಇಷ್ಟ ಇಲ್ಲ ಅಂತ ಅಲ್ವಾ ತೇತೆ?' ಅಂತ ನನ್ನ ಕೇಳಿದ್ದ. ನಿಮ್ಮಿಬ್ಬರ ಮಧ್ಯೆ ನಾನ್ಯಾಕೆ ಬಾಯಿ ಹಾಕಲಿ ಅಂತ ಸುಮ್ಮನಿದ್ದೆ."

ಇಂಥ ಗಂಡಸರನ್ನು ಕಂಡರೆ ಎರಡು ಬಿಗಿಯಬೇಕು ಅನ್ನಿಸುತ್ತದೆ. ಬಾಯಲ್ಲಿ ಹೇಳಬೇಕಾದ್ದನ್ನು ಸರ್ವರಿಗೆ ಹೇಳಿ, ಉತ್ತರ ಬರಲಿಲ್ಲ ಅಂತ ಒಳಗೊಳಗೇ ಕೊರಗುವುದು! ಆದರೆ ಆ ಸರ್ವರಿನ ಮುಂದೆ ಕೂತವಳೇನು ಕಡಿಮೆ? ಮೂಗಿನ ಮುಂದೆ ನಿಂತ ಮನುಷ್ಯ ಕಾಣಲಿಲ್ಲ ಅವಳಿಗೆ.

ಇಮಾಸ್ ಅಳಲಿಲ್ಲ. ಅಳುವುದಕ್ಕೆ ಪುರುಸೊತ್ತಿರಲಿಲ್ಲ.

ಶುದ್ಧವಾದ ಮೂಲದಿಂದ ಇಮೇಜನ್ನು ಹೊಸದಾಗಿ ಕಟ್ಟಿದಳು. ಮೆಮೊರಿ, ಡಿಸ್ಕ್ ಎಷ್ಟು ಬೇಕೆಂದು ನಮೂದಿಸಿದಳು. ಈ ಸಲ 'ಖಾಸಗಿ' ಅಂತಲೇ ಇಟ್ಟು ಓದಾಳ ಕೈಗೆ ಕೊಟ್ಟಳು. "ತೇತೆ, ನೀವೇ ತೊಳೀರಿ. ನನ್ನ ಮೇಲೆ ನಂಬಿಕೆ ಇಡಬೇಡಿ."

ಓದಾ ತೊಳೆದಳು. ಆ ಅಚ್ಚಿನಿಂದ ಒಂದು ಮಷಿನ್ ಎಬ್ಬಿಸಿ ಇಬ್ಬರೂ ಲಾಗಿನ್ ಆಗಿ ನೋಡಿದರು. ಪರದೆ ಖಾಲಿ. ಯಾರೂ ಏನೂ ಕೇಳಲಿಲ್ಲ.

ಸರಿಯಾಗಿಯೇ ಇತ್ತು. ಆದರೂ ಇಮಾಸ್ ಇನ್ನೊಂದು ಸಲ ಲಾಗಿನ್ ಆಗಿ ನೋಡಿದಳು.

ಎದ್ದು ಸೀದಾ ಗಾಜಿನ ಬಾಗಿಲು ತಳ್ಳಿದಳು.

"ಪಾಕ್, ಇಮೇಜ್ ರೆಡಿ. ಇನ್ನೊಂದು ಮಾತು. ತಪ್ಪು ನಂದು. ಶುಕ್ರವಾರ ತೊಳೆಯದೆ ಹಾಕಿದವಳು ನಾನು. ಕಾಂಗ್ ಯಾಯನ್ ಮುಟ್ಟೇ ಇಲ್ಲ. ಮನೆಗೆ ಕಳಿಸೋದಾದ್ರೆ ನನ್ನ ಕಳಿಸಿ."

ಪಾಕ್ ಕುಸ್ನಾದಿ ಬಾಯಿ ತೆರೆಯುವಷ್ಟರಲ್ಲಿ ಫೋನ್ ಬಡಿದುಕೊಂಡಿತು. ಮದರಸಾದ ಹಾಜಿ ಸಾಹೇಬರು. ದನಿ ಎಷ್ಟು ಜೋರು ಅಂದರೆ ಇಮಾಸಳಿಗೂ ಕೇಳಿಸಿತು.

"ಆ ಸಾಲು ತೆಗೆಯೋಕೆ ಹೊರಟಿದ್ದೀರಂತೆ? ತೆಗೀಬೇಡ್ರಪ್ಪ! ನಮ್ಮ ಮನೆಯವಳು ತೀರಿಕೊಂಡ ಮೇಲೆ ನನ್ನ ಯಾರೂ ಊಟ ಆಯ್ತಾ ಅಂತ ಕೇಳಿಲ್ಲ. ಆ ನೆಂಗ್ ಅನ್ನೋದೊಂದು ತೆಗೆದು ಪಾಕ್ ಹಾಜಿ ಅಂತ ಹಾಕಿಕೊಡಿ, ಸಾಕು!"

ಪಾಕ್ ಕುಸ್ನಾದಿ ಫೋನ್ ಇಟ್ಟು ಅವಳ ಮುಖ ನೋಡಿದರು. ಅವರ ಮೀಸೆಯಡಿ ನಗು ಹೊರಳಾಡುತ್ತಿತ್ತು.

"ಹೋಗು. ಅವನನ್ನ ಕರ್ಕೊಂಡು ಬಾ. ಇಬ್ಬರ ವಿಚಾರ ಆಮೇಲೆ ನೋಡೋಣ."

"ಕರ್ಕೊಂಡು ಬರೋಕೆ ಹೋಗ್ತಿಲ್ಲ ಪಾಕ್," ಅಂದಳು ಇಮಾಸ್. "ಊಟಕ್ಕೆ ಹೋಗ್ತಿದ್ದೀನಿ."

ಮೇಜಿನ ಮೇಲಿದ್ದ ಪೊಟ್ಟಣ ಎತ್ತಿಕೊಂಡು ನಡೆದಳು.

ಯಾಯನ್‌ನ ತಾಯಿ, ಎಲ್ಲರಿಗೂ 'ಅಂಬು' ಅಂದರೆ ಅಮ್ಮ, ಮಾರ್ಕೆಟ್ ಮೂಲೆಯಲ್ಲಿ ಪಡ್ಡಿನಂಥ ಬಂದ್ರೋಸ್ ಹುಯ್ಯುತ್ತಿದ್ದರು. ಕಬ್ಬಿಣದ ಅಚ್ಚು, ಅದರ ಕುಳಿಗಳಲ್ಲಿ ಅಕ್ಕಿಹಿಟ್ಟು, ತೆಂಗಿನತುರಿ... ಘಮ ರಸ್ತೆಯಾಚೆಗೂ ಬರುತ್ತಿತ್ತು. ಇಮಾಸ್ ಬಾಡಿಗೆ ವ್ಯಾನಿನಿಂದ ಧುಮುಕಿ ಓಡಿ ಬಂದಳು.

ಯಾಯನ್ ಸೌದೆ ಒಟ್ಟುತ್ತಿದ್ದ. ಇವಳನ್ನು ಕಂಡದ್ದೇ ಅವನ ಕೈಯಲ್ಲಿದ್ದ ಸೌದೆ ಕಾಲ ಮೇಲೆ ಬಿತ್ತು.

"ಏನು ಕೊಡಲಿ ಮಗಳೇ?" ತಾಯಿ ಕೇಳಿದರು. "ಸಿಹಿಯಾ, ಉಪ್ಪಾ?"

"ನಿಮ್ಮ ಮಗನ್ನ ಕೊಡಿ ಅಂಬು. ಬೈಯೋದಿದೆ."

ಅಂಬು ಒಮ್ಮೆ ಮಗನನ್ನು, ಒಮ್ಮೆ ಇವಳ ಕೈಯಲ್ಲಿದ್ದ ಪೊಟ್ಟಣವನ್ನು ನೋಡಿದರು. ಆ ಬಾಳೆಲೆ ಕಟ್ಟಿದ ಕೈ ಅವರದ್ದೇ.

"ಓ... ಎರಡನೇ ಪೊಟ್ಟಣ ನಿನಗಾ? ದಿನಾ ವಾಪಸ್ ಬರ್ತಿತ್ತಲ್ಲ! ಬೈಯಮ್ಮ, ಚೆನ್ನಾಗಿ ಬೈಯಿ. ನಾನು ನೀರು ತರ್ತೀನಿ." ಕೊಡ ಎತ್ತಿಕೊಂಡು ನಡೆದೇಬಿಟ್ಟರು.

ಇಬ್ಬರೇ ಉಳಿದರು.

"ಯಾಕೆ ಸುಳ್ಳು ಹೇಳಿದ್ರಿ?"

"ಬರೆದದ್ದು ನಾನೇ ತಾನೇ? ಸುಳ್ಳೇನು ಬಂತು?"

"ತೊಳೆಯದೆ ಹಾಕಿದ್ದು ನಾನು ಅಂತ ನಿಮಗೆ ಗೊತ್ತಿತ್ತು!"

ಯಾಯನ್ ನೆಲ ನೋಡಿದ. "ಆ ಇಮೇಜಿಗೆ ನೀವು ಪಟ್ಟ ಪಾಡು ನೋಡಿದ್ದೀನಿ ತೇತೆ. ಅದರಲ್ಲಿ ನಿಮ್ಮ ಹೆಸರು ಉಳೀಬೇಕು ಅನ್ನಿಸ್ತು. ನಾನು ಕರೆದದ್ದಕ್ಕೆ ಹೇಗೂ ನೀವು ಬರಲಿಲ್ಲ..."

"ಬಾಯಲ್ಲಿ ಕೇಳೋಕೆ ಏನಾಗಿತ್ತು ನಿಮಗೆ? ನಾಲಿಗೆ ಬಿದ್ದುಹೋಗಿತ್ತಾ?"

"ಬಾಯಲ್ಲಿ ಕೇಳಿದ್ರೆ 'ಆಯ್ತು' ಅಂದುಬಿಡ್ತೀರ. ಎಲ್ಲರೂ ಅಷ್ಟೇ ತಾನೇ ಅನ್ನೋದು? ಅಲ್ಲಿಗೆ ಮುಗೀತು. ಸರ್ವರ್ ಆದ್ರೆ... ದಿನಾ ಕೇಳ್ತಾ ಇರುತ್ತೆ, ಬೇಜಾರು ಮಾಡ್ಕೊಳಲ್ಲ."

"ದೊಡ್ಡ ಪಂಡಿತರು! ನಾನು ಬೆಳಿಗ್ಗೆ ಹೊಕ್ಕರೆ ಸಂಜೆಗೇ ಹೊರಗೆ ಬರೋದು. ನಿಮ್ಮ ಆ ಸಾಲು ಇವತ್ತು ನೋಡಿದೆ ನಾನು. ಇವತ್ತು! ಹಾಜಿ ಸಾಹೇಬ್ರು ಓದಿದ ಮೇಲೆ, ಆ ಹುಡುಗೀರೆಲ್ಲ ಓದಿದ ಮೇಲೆ, ಎಲ್ಲರಿಗಿಂತ ಕೊನೇಲಿ ನಾನು ಓದಿದೆ!"

ಯಾಯನ್ ತಲೆ ಎತ್ತಿದ. "ಅಂದ್ರೆ... ಓದಿಯೂ ಬರದೇ ಇದ್ದದ್ದಲ್ವಾ?"

"ಓದಿದ ಕೂಡ್ಲೇ ಬಂದಿದ್ದೀನಲ್ಲ. ಕಣ್ಣು ಕಾಣ್ಸಲ್ವಾ?"

ಅಷ್ಟು ಹೊತ್ತು ತಡೆದಿದ್ದ ಕಣ್ಣೀರು ಈಗ ಇಳಿಯಿತು. ಅವಳು ಒರೆಸಿಕೊಳ್ಳಲಿಲ್ಲ.

ಅವನು ಗಾಬರಿಯಾಗಿ ಹೆಗಲ ಮೇಲಿನ ಟವೆಲ್ ಕೊಟ್ಟ. ಅದರ ತುಂಬ ಅಕ್ಕಿಹಿಟ್ಟು. ಒರೆಸಿಕೊಂಡ ಅವಳ ಕೆನ್ನೆ ಬೆಳ್ಳಗಾಯಿತು.

"ಅಳಬೇಡಿ. ಆ ಸಾಲು ತೆಗೆದುಹಾಕಿದ್ರಾ?"

"ಇಮೇಜಿನಿಂದ ತೆಗೆದೆ. ನನ್ನ ಮಷಿನ್‌ದು ಹಾಗೇ ಇದೆ. ಯಾರಾದ್ರೂ ಮುಟ್ಟಿದ್ರೆ ಕೈ ಮುರೀತೀನಿ."

ಇಮಾಸಳ ಫೋನ್ ಕುಣಿಯಿತು. ಪಾಕ್ ಕುಸ್ನಾದಿ!

"ಎತ್ತಿ," ಅಂದ ಯಾಯನ್, ಹೆದರಿ.

"ಎಲ್ಲಿದ್ದೀಯಮ್ಮ? ಊಟದ ಹೊತ್ತು ಮುಗಿದು ಎಷ್ಟೊತ್ತಾಯ್ತು!"

"ನಮ್ಮದು ಇನ್ನೂ ಶುರುವಾಗಿಲ್ಲ ಪಾಕ್."

ಫೋನನ್ನು ಆರಿಸಿ ಚೀಲದೊಳಗೆ ಹಾಕಿದಳು. ಆ ದಿನ ಅವಳು ಆಫೀಸಿಗೆ ಮರಳಲಿಲ್ಲ. ಸ್ಕ್ರೀನು, ಕುರ್ಚಿಯ ಬೆನ್ನಿಗೆ ನೇತುಹಾಕಿದ ಜಾಕೆಟ್ಟು ಎಲ್ಲ ಇದ್ದ ಹಾಗೇ ಉಳಿದವು.

ಬೆಂಚಿನ ಮೇಲೆ ಕೂತು ಬಾಳೆಲೆ ಬಿಚ್ಚಿದಳು. ಅನ್ನ ಆರಿಹೋಗಿತ್ತು. ಪಕ್ಕದಲ್ಲಿ ಜಾಗ ಬಿಟ್ಟು, ಅವನ ಮುಖ ನೋಡದೆ ಹೇಳಿದಳು.

"ಈಗ ಬಾಯಲ್ಲಿ ಕೇಳಿ."

ಅವನು ಪಕ್ಕದಲ್ಲಿ ಕೂತ. ಎರಡು ಸಲ ಬಾಯಿ ತೆರೆದು ಮುಚ್ಚಿದ.

"ನೆಂಗ್..." ಅಂದ ಕೊನೆಗೆ. "ಊಟ ಆಯ್ತಾ?"

"ಇನ್ನೂ ಇಲ್ಲ ಅಕಾಂಗ್," ಅಂದಳು ಇಮಾಸ್. "ನಿಮಗೆ ಕಾಯ್ತಾ ಇದ್ದೆ."